ಥಾಯ್ ಹೋಟೆಲಿನಲ್ಲಿ ಕುದುರಿದ ವ್ಯಾಪಾರ

ಅವರ ಎಡಗೆನ್ನೆ ಸದಾ ಒಂದು ನಿಂಬೆಹಣ್ಣು ಒತ್ತರಿಸಿಕೊಂಡ ಹಾಗೆ ಉಬ್ಬಿರುತ್ತಿತ್ತು. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚಿಟಿಕೆ ಹೊಗೆಸೊಪ್ಪು. ಬೆಳಿಗ್ಗೆ ಕಾಫಿ ಇಳಿದ ಕೂಡಲೇ ಒಳಗೆ ಸೇರಿದರೆ ಊಟಕ್ಕಷ್ಟೇ ಹೊರಗೆ ಬರುತ್ತಿತ್ತು. ಮಳವಳ್ಳಿ ಸಂತೆಯಲ್ಲಿ ಜನ ದೂರದಿಂದ ಅವರನ್ನು ಗುರುತಿಸುತ್ತಿದ್ದುದೇ ಆ ಕೆನ್ನೆಯಿಂದ.

ಅವರು ಕುರಿ ದಳ್ಳಾಳಿ. ನಾನು ಕರೆಯುತ್ತಿದ್ದುದು ದಳ್ಳಾಳಿಯಣ್ಣ ಎಂದು. ಒಡಹುಟ್ಟಿದವರಲ್ಲ, ನೆಂಟರೂ ಅಲ್ಲ. ಗೆಜ್ಜಲಗೆರೆಯ ಕಾರ್ಖಾನೆ ಕೆಲಸ ಬಿಟ್ಟು ವ್ಯಾಪಾರಕ್ಕಿಳಿದ ನಾನು ಮೊದಲ ಸಂತೆಯಲ್ಲೇ ಬೆರಕೆ ಮರಿಯನ್ನು ಹೆಚ್ಚು ಬೆಲೆಯ ಬಂಡೂರು ಕುರಿ ಎಂದು ನಂಬಿ ಕೊಂಡು, ಹೆಮ್ಮೆಯಿಂದ ಹಗ್ಗ ಹಿಡಿದು ನಿಂತಿದ್ದೆ. ಅವರು ಹತ್ತಿರ ಬಂದು ಮರಿಯ ಬೆನ್ನಮೂಳೆ ಒತ್ತಿ ನೋಡಿದರು.

"ಯಾವೂರ್ಲಾ ನಿಂದು? ಇದ್ರ ಕಾಲ್ ನೋಡು, ಕೊಕ್ಕರೆ ನಿಂತಂಗದೆ. ಇದು ಬಂಡೂರ್ ಕುರಿಯಾದ್ರೆ ನಾನು ಡೀಸಿ ಕಣ್ಲಾ."

ಸುತ್ತಲಿನವರೆಲ್ಲ ನಕ್ಕರು. ನಗದವರು ಅವರೊಬ್ಬರೇ. "ಬಾ ನನ್ ಇಂದ್ಗುಟ್ಟೆ," ಎಂದರು. ಅವರ ಹಿಂದೆ ಹೋದೆ. ಅಸಲಿ ಬಂಡೂರಿನ ಗಿಡ್ಡ ಕಾಲು, ಪೀಪಾಯಿಯಂಥ ಮೈ, ಬೆರಳಿಗೆ ಮೂಳೆ ಸಿಗದ ಬೆನ್ನು, ಎಲ್ಲವನ್ನೂ ಕಲಿಸಿದರು. ಹೆಗಲ ಟವೆಲ್ಲನ್ನು ಇಬ್ಬರ ಕೈಗಳ ಮೇಲೆ ಹೊದಿಸಿ ಬೆರಳು ಹಿಡಿದು ರೇಟು ಹೇಳುವುದನ್ನೂ ಕಲಿಸಿದರು. ಸುತ್ತ ಎಷ್ಟು ಜನ ನಿಂತಿದ್ದರೂ ಆ ಮಾತು ಟವೆಲ್ಲಿನಿಂದಾಚೆ ಹೋಗುವುದಿಲ್ಲ. "ಬೆರಳು ಒಪ್ಕಂಡ್ರೆ ಮುಗೀತು. ಎಂಡ್ರು ಬಂದು ಅತ್ರೂ ತಿರುಗ್ಸಂಗಿಲ್ಲ," ಎನ್ನುತ್ತಿದ್ದರು. ಅವರ ಸಂಚಿಯಿಂದ ಎಲೆಯಡಿಕೆ, ಹೊಗೆಸೊಪ್ಪು ಹಾಕುವುದನ್ನೂ ಕಲಿತೆ. ಅದನ್ನು ಅವರೇನೂ ಕಲಿಸಲಿಲ್ಲ. ಜೊತೆಯಲ್ಲಿದ್ದವನಿಗೆ ತಾನಾಗಿ ಬಂತು.

ವ್ಯಾಪಾರಕ್ಕೆ ಇಳಿಯುವವರಿಗೆ ಇವತ್ತಿಗೂ ಹೇಳುತ್ತೇನೆ: ಕೊಳ್ಳುವ ಮಾಲಿಗಿಂತ ಮಾರುವವನನ್ನು ಹೆಚ್ಚು ಹೊತ್ತು ನೋಡಿ. ಇದೂ ಅವರದೇ ಪಾಠ. ಆದರೆ ಅವರನ್ನೇ ನಾನು ಸರಿಯಾಗಿ ನೋಡಿದ್ದು ಹೆದ್ದಾರಿ ಪಕ್ಕದ ಒಂದು ಥಾಯ್ ಹೋಟೆಲಿನಲ್ಲಿ.

ಮದ್ದೂರಿನ ಹತ್ತಿರ ಸರ್ವಿಸ್ ರಸ್ತೆಗೆ ಆ ಹೋಟೆಲು ಹೊಸದಾಗಿ ಬಂದಿತ್ತು. ಕಿರುಗಾವಲಿನಲ್ಲಿ ಮಟನ್ ಅಂಗಡಿ ಇಟ್ಟಿರುವ ಸಾಹೇಬರು ನಮ್ಮಿಬ್ಬರಿಗೂ ಹಳೆಯ ಸ್ನೇಹಿತರು. ಬೆಂಗಳೂರಿನಲ್ಲಿ ಕುರಿ ಇಳಿಸಿ ಮೂವರೂ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆವು. "ದಿನಾ ಇದ್ರ ಮುಂದೆ ಓಡಾಡ್ತೀವಿ, ಒಳ್ಗೆ ಏನ್ ಕೊಡ್ತಾರೋ ನೋಡೇ ಬುಡಾನ," ಎಂದು ಸಾಹೇಬರೇ ಗಾಡಿ ತಿರುಗಿಸಿದರು. ದಳ್ಳಾಳಿಯಣ್ಣ ಬಾಗಿಲಾಚೆ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ ಒಳಬಂದರು.

ಮೀನು ಹಾಕಿದ ಹುಳಿ ಸೂಪು ಬಂತು. ಅದರಲ್ಲಿ ತೇಲುತ್ತಿದ್ದ ನಿಂಬೆಹುಲ್ಲನ್ನು ಅಣ್ಣ ಚಮಚದಲ್ಲಿ ಎತ್ತಿ ಹಿಡಿದರು.

"ಉಲ್ಲು ಆಕವ್ರಲ್ಲ ಸಾಬ್ರೆ! ಕುರಿ ಮಾರೋರ್ಗೆ ಕುರಿ ಮೇವೇ ಇಕ್ಕವ್ರೆ."

"ಅದು ಗಮಲಿಗಂತೆ. ಅಗೀಬ್ಯಾಡ, ಪಕ್ಕಕ್ಕೆ ಎತ್ತಿಡಣ್ಣ," ಎಂದರು ಸಾಹೇಬರು.

ಮೊದಲ ಚಮಚ ಬಾಯಿಗೆ ಹೋದದ್ದೇ ಅಣ್ಣನ ಕಣ್ಣಲ್ಲಿ ದಳದಳ ನೀರು. ಟವೆಲ್ಲಿನಿಂದ ಬಾಯಿ ಒತ್ತಿ ಹಿಡಿದು ತಲೆ ಬಗ್ಗಿಸಿ ಕೂತರು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ.

"ಏನಣ್ಣೋ, ಮುದ್ದೆ ಜೊತ್ಗೆ ಹಸಿ ಮೆಣಸಿನಕಾಯ್ ಕಚ್ಚೋನು ಈ ಬಣ್ಣದ್ ನೀರ್ಗೆ ಅಳ್ತಾ ಇದ್ದೀಯಲ್ಲ!"

"ಅವ್ರ್ ದೇಸದ್ ಖಾರ ಬ್ಯಾರೆ ಕಣ್ ಸಾಬ್ರೆ," ಎಂದರು ಅಣ್ಣ.

ನಾನು ಸೂಪು ಕುಡಿದು ನೋಡಿದೆ. ನಮ್ಮ ಮನೆಯ ಬಸ್ಸಾರಿನಷ್ಟೂ ಖಾರವಿರಲಿಲ್ಲ. ತಲೆಯೆತ್ತಿ ಅವರ ಮುಖ ನೋಡಿದೆ. ಎಲೆಯಡಿಕೆ ಉಗಿದು ಬಂದಿದ್ದರೂ ಕೆನ್ನೆ ಹಾಗೇ ಉಬ್ಬಿತ್ತು. ತೆಂಗಿನಹಾಲಿನ ಸಾರೂ ಉರಿಯುತ್ತದೆಂದು ತಳ್ಳಿ, ಬರೀ ಅನ್ನಕ್ಕೆ ನೀರು ಹಾಕಿ ಹಿಸುಕಿ, ಚಮಚದ ತುದಿಯನ್ನಷ್ಟೇ ತೂರಿಸಿ ತಿನ್ನುತ್ತಿದ್ದರು. ನನ್ನ ಊಟ ಅಲ್ಲಿಗೇ ನಿಂತಿತು.

ಫೋನು ಬಂತೆಂದು ಸಾಹೇಬರು ಎದ್ದು ಹೊರಗೆ ಹೋದರು.

"ಅಣ್ಣ, ಬಾಯ್ ತೆಗಿ."

"ಅನ್ನ ಅದೆ ಕಣ್ಲಾ."

"ನುಂಗ್ಬುಟ್ಟು ತೆಗಿ."

ತೆಗೆದರು. ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಒಳಗೆ ಕೆನ್ನೆಗೆ ಅಂಟಿದಂತೆ ಕೆಂಪಗೆ, ಬೆಳ್ಳಗೆ ಗಾಯ.

"ಯಾವಾಗ್ಲಿಂದ?"

"ದಸರಾ ಮುಗ್ದಾಗ್ಲಿಂದ."

ಆಗ ಯುಗಾದಿ ಹತ್ತಿರ ಬಂದಿತ್ತು. "ಅತ್ತಿಗೆಗೆ ಏಳಿದ್ದೀಯಾ?"

"ಅವ್ಳಿಗ್ ಏಳುದ್ರೆ ಊರ್ಗೇ ಏಳ್ದಂಗೆ. ದಳ್ಳಾಳಿಗೆ ಕಾಯ್ಲೆ ಅಂತ ಸಂತೇಲಿ ಸುದ್ದಿಯಾದ್ರೆ ಯಾರ್ಲಾ ಕುರಿ ತತ್ತಾರೆ ನನ್ ತಾವ್ಕೆ? ಇನ್ನೆಷ್ಟ್ ದಿನ ಅಂತ ನನ್ನೇ ತೂಕ ಆಕ್ತಾರೆ."

ಮಾಲಿನ ಊನ ಮುಚ್ಚಿಟ್ಟು ಮಾರುವವರನ್ನು ಸಂತೆಯಲ್ಲಿ ಬೈದು ಓಡಿಸುತ್ತಿದ್ದ ಮನುಷ್ಯ, ತನ್ನ ಬಾಯಿಯನ್ನು ಎಲೆಯಡಿಕೆಯ ಉಬ್ಬಿನ ಹಿಂದೆ ಮುಚ್ಚಿಟ್ಟಿದ್ದರು. ನಾಳೆಯೇ ಮೈಸೂರಿನ ಆಸ್ಪತ್ರೆಗೆ ಹೋಗೋಣ ಎಂದೆ. ಅವರು ಟವೆಲ್ಲನ್ನು ತೆಗೆದು ಮೇಜಿನ ಮೇಲಿದ್ದ ನನ್ನ ಕೈಗೆ ಹೊದಿಸಿ, ಒಳಗೆ ಐದೂ ಬೆರಳು ಹಿಡಿದರು. "ಸಂತೆ," ಎಂದರು ಮೆಲ್ಲಗೆ. ಐದು ಸಂತೆ ಕಳೆಯಲಿ ಎಂದು.

ನಾನು ಅವರ ಒಂದು ಬೆರಳು ಹಿಡಿದೆ. "ಸಂತೆ ಅಲ್ಲ, ದಿನ."

ಮೂರಕ್ಕೆ ಇಳಿದರು, ಎರಡಕ್ಕೆ ಇಳಿದರು. ನಾನು ಬೆರಳು ಬದಲಿಸಲಿಲ್ಲ.

"ನೀನೂ ಒಸಿ ಏರ್ಬೇಕು ಕಣ್ಲಾ. ಇದ್ಯಾವ ಸೀಮೆ ಯಾಪಾರ?"

"ಇದ್ರಲ್ಲಿ ನಾ ಏರಲ್ಲ."

ಕೈ ಕಿತ್ತುಕೊಂಡು ನನ್ನ ಮುಖವನ್ನೇ ದಿಟ್ಟಿಸಿದರು. ಕಣ್ಣು ನನ್ನ ಕೆನ್ನೆಯ ಮೇಲೆ ನಿಂತಿತು.

"ಬತ್ತೀನಿ. ಒಂದ್ ಕಂಡೀಸನ್ನು. ಡಾಕ್ಟ್ರು ಮುಂದೆ ನೀನೂ ಬಾಯ್ ತೆಗೀಬೇಕು."

"ನಂಗೇನಾಗದೆ?"

"ಕೈ ಕೊಡ್ತೀಯೋ, ಎದ್ದೋಗ್ಲೋ?"

ಅವರನ್ನು ಹೊರಡಿಸಿದರೆ ಸಾಕಾಗಿತ್ತು. ಬೆರಳು ಕೊಟ್ಟೆ.

ವಾಪಸ್ ಬಂದ ಸಾಹೇಬರು ಟವೆಲ್ಲು ನೋಡಿ, "ಇಲ್ಲೂ ಯಾಪಾರ್ವಾ? ಏನ್ ಕುದುರ್ತು?" ಎಂದು ಕೇಳಿದರು.

"ಒಂದ್ ಮುದಿ ಟಗರು, ಒಂದ್ ಎಳೇದು," ಎಂದರು ಅಣ್ಣ. "ಎರಡೂ ನಾಳೆ ಮೈಸೂರ್ಗೆ."

ಮಾತಿಗೆ ತಪ್ಪಲಿಲ್ಲ. ಬೆಳಿಗ್ಗೆ ನಾನು ಹೋಗುವ ಮೊದಲೇ ಒಗೆದ ಅಂಗಿ ಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಡಾಕ್ಟರು ಕೆನ್ನೆ, ದವಡೆ, ನಾಲಿಗೆಯ ಒಂದು ಪಾಲು ತೆಗೆಯಬೇಕು ಎಂದರು. ಅಣ್ಣ ಕೈಮುಗಿದರು. "ನಾಲ್ಗೆ ಒಸಿ ಜಾಸ್ತಿ ಬುಡಿ ಸ್ವಾಮಿ. ಅದೇ ನನ್ ಬಂಡ್ವಾಳ." ಡಾಕ್ಟರು ಅವರ ಹೆಗಲ ಮೇಲೆ ಕೈಯಿಟ್ಟು, "ಇದರಲ್ಲಿ ಚೌಕಾಸಿ ನಡೆಯಲ್ಲ ಯಜಮಾನ್ರೇ," ಎಂದರು. ಇಡೀ ಜೀವನ ಚೌಕಾಸಿಯಲ್ಲೇ ಕಳೆದ ಮನುಷ್ಯ ನನ್ನ ಕಡೆ ತಿರುಗಿದ ರೀತಿಯನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ.

ನನ್ನ ಬಾಯಲ್ಲೂ ಇತ್ತು. ಒಳಗೆನ್ನೆಯಲ್ಲಿ ಹುರುಳಿಕಾಳಿನಷ್ಟು ಬಿಳಿ ಮಚ್ಚೆ. ನೋವಿಲ್ಲ, ಉರಿಯಿಲ್ಲ. ಆ ಕಂಡೀಷನ್ನು ಇಲ್ಲದಿದ್ದರೆ ಯಾವ ಡಾಕ್ಟರ ಮುಂದೆಯೂ ನಾನು ಬಾಯಿ ತೆರೆಯುತ್ತಿರಲಿಲ್ಲ. ಅದನ್ನು ಕತ್ತರಿಸಿ ತೆಗೆದು, ಪರೀಕ್ಷೆಗೆ ಕಳಿಸಿ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಹೊಗೆಸೊಪ್ಪು ಅವತ್ತೇ ಬಿಟ್ಟೆ. ಓದುವವರಿಗೂ ಹೇಳುತ್ತೇನೆ, ಬಿಟ್ಟಿ ಸಲಹೆ ಎಂದು ತಳ್ಳಬೇಡಿ: ಖಾರ ತಿನ್ನುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಖಾರ ಉರಿಯತೊಡಗಿದರೆ ನಗಬೇಡಿ, ಬಾಯಿ ತೆಗೆಸಿ ನೋಡಿ.

ಆಪರೇಷನ್ ಆದ ಮೇಲೂ ಅಣ್ಣ ಸಂತೆಗೆ ಬಂದರು. ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಹೆದರಿದ್ದ ಹಾಗೆಯೇ ಕೆಲವರು ಕುರಿಯನ್ನು ಬೇರೆ ಕಡೆ ಹೊಡೆದುಕೊಂಡು ಹೋದರು. ಇನ್ನು ಕೆಲವರು ಹೋಗಲಿಲ್ಲ. ಒಂದು ವರ್ಷ ಹಾಗೆ ನಡೆಯಿತು. ಆಮೇಲೆ ಕಾಯಿಲೆ ಕುತ್ತಿಗೆಗಿಳಿಯಿತು.

ಕೊನೆಯ ಸಲ ನೋಡಲು ಹೋದಾಗ ಜಗುಲಿಯಲ್ಲಿ ಮಲಗಿದ್ದರು. ಪಕ್ಕದಲ್ಲಿ ಕೂತೆ. ಅತ್ತಿಗೆಗೆ ಸನ್ನೆ ಮಾಡಿ ಅವರ ಮೊಬೈಲ್ ತರಿಸಿಕೊಂಡು ಟಾರ್ಚ್ ಹಾಕಿಸಿದರು. ನನ್ನ ಗಲ್ಲ ಹಿಡಿದು ಬಾಯಿ ತೆಗೆಸಿದರು. ಬೆಳಕನ್ನು ಆ ಕಡೆ ಈ ಕಡೆ ಹೊರಳಿಸಿ, ಹೊಲಿಗೆ ಬಿದ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಏನೂ ಇರಲಿಲ್ಲ. ಗಲ್ಲ ಬಿಟ್ಟು, ಹೊತ್ತಾಯಿತು ಹೊರಡು ಎನ್ನುವಂತೆ ಕೈಯಾಡಿಸಿದರು.