ಲಕೋಟೆಯಿಲ್ಲದ ಕಾರ್ಡು ಮಡಚುತ್ತಿದ್ದ ಅಂಕಲ್

ಬೆಳಿಗ್ಗೆ ಲೆಟರ್‌ಬಾಕ್ಸ್‌ನಲ್ಲಿ ಯಾವುದೋ ಅಂಗಡಿಯ ಜಾಹೀರಾತು ಕಾರ್ಡು ಬಿದ್ದಿತ್ತು. ಲಕೋಟೆಯ ಗೊಡವೆಯಿಲ್ಲದೆ ಮೂರು ಮಡಿಕೆ ಮಾಡಿ, ಅಂಚಿಗೆ ಎರಡು ಚುಕ್ಕೆ ಅಂಟು ಹಚ್ಚಿ, ಬೆನ್ನ ಮೇಲೇ ವಿಳಾಸ ಅಚ್ಚು ಹಾಕಿ ಕಳಿಸುವಂಥದ್ದು. ಬಿಡಿಸಿದರೆ ಶಾಯಿ, ಅಂಟಿನ ವಾಸನೆ. ನೆನಪಾದದ್ದು ಪೆನ್‌ರೋಸ್ ಬಡಾವಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಆ ಪ್ರೆಸ್ಸು, ಮಡಚುವ ಮಷೀನು, ಅದರ ಮುಂದೆ ನಿಂತಿರುತ್ತಿದ್ದ ಅಂಕಲ್...

ಈ ದೇಶಕ್ಕೆ ಓದಲು ಬಂದವಳು, ಇದೇ ಊರಿನ ಆಲ್ಬನಿಯಲ್ಲಿ ಓದು ಮುಗಿಸಿ ಆ ಪ್ರೆಸ್ಸಿಗೆ ಡಿಸೈನರ್ ಆಗಿ ಸೇರಿದ್ದೆ. ನಾನು ಮೈಸೂರಿನವಳು, ಅಂಕಲ್ ಧಾರವಾಡ ಕಡೆಯವರು. ಅಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿದರೆ ಒಂದು ಚಪಾತಿ ನನ್ನದು. ಕಾಗದವನ್ನು ಬೆರಳಲ್ಲಿ ಬಾಗಿಸಿ ನೋಡಿ, ಅದು ಯಾವ ಕಡೆಗೆ ಸಲೀಸಾಗಿ ಮಡಚಿಕೊಳ್ಳುತ್ತದೆ ಎಂದು ಹೇಳಿಬಿಡುತ್ತಿದ್ದರು.

ಒಮ್ಮೆ ಒಂದು ಕ್ಲಿನಿಕ್ಕಿನ ಕೆಲಸ ಬಂತು. ವಯಸ್ಸಾದವರಿಗೆ ಉಚಿತ ಕಿವಿ ತಪಾಸಣೆಯ ಆಹ್ವಾನ. ನಾನು ಕಾರ್ಡಿನ ತುಂಬ ಕಡುನೀಲಿ ತುಂಬಿದ್ದೆ. ಅಂಕಲ್ ಪ್ರೂಫ್ ಹಿಡಿದುಕೊಂಡು ನನ್ನ ಮೇಜಿಗೇ ಬಂದರು.

"ತಂಗಿ, ಇದನ್ನ ಕಾಗದದ ಎಳಿಗೆ ಅಡ್ಡ ಮಡಚಾಕ ಇಟ್ಟಿ. ಮಡಿಕ್ಯಾಗ ಬಣ್ಣ ಒಡಿತೈತಿ. ಅಂಟು ಹಚ್ಚೂ ಬಾಯಿ ಬ್ಯಾರೆ ಮ್ಯಾಲೆ ಬಂದೈತಿ, ಅಂಚೆ ಮಷೀನಿಗೆ ಸಿಕ್ಕು ಹರಿತೈತಿ. ತಿರುಗಿಸಿ ಮಾಡು."

"ಕ್ಲೈಂಟ್ ಅಪ್ರೂವ್ ಮಾಡಿಬಿಟ್ಟಿದ್ದಾರೆ ಅಂಕಲ್, ಈಗ ಆಗಲ್ಲ," ಅಂದೆ.

ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮತ್ತೆ ಮೊದಲಿಂದ ಮಾಡುವುದು ನನಗೆ ಬೇಡವಾಗಿತ್ತು, ಅಷ್ಟೆ.

ಎರಡು ವಾರಕ್ಕೆ ಕಾರ್ಡುಗಳು ಚೀಲಗಟ್ಟಲೆ ವಾಪಸ್ ಬಂದವು. ಹರಿದು, ಬಾಯಿ ಬಿಟ್ಟುಕೊಂಡು, ಅರ್ಧಕ್ಕರ್ಧ ವಿಳಾಸವೇ ಇಲ್ಲದೆ. ಮ್ಯಾನೇಜರ್ ಎಲ್ಲರನ್ನೂ ಸೇರಿಸಿ, ಮಡಚಿದ್ದು ಯಾರು ಎಂದು ಕೇಳಿದ. ಅಂಕಲ್ ತಮಗೆ ಬರುವ ಇಂಗ್ಲಿಷಿನಲ್ಲಿ, ಮೊದಲೇ ಹೇಳಿದ್ದೆ ಎಂದರು. ಯಾರಿಗೆ? ಅವರು ನನ್ನ ಕಡೆ ನೋಡಿದರು. ನನ್ನ ಹೆಸರು ಎತ್ತಲಿಲ್ಲ, ನಾನೇ ಬಾಯಿ ಬಿಡಲಿ ಎಂದು ಕಾದರು. ನನ್ನ ವೀಸಾ ನಿಂತಿದ್ದು ಆ ಕೆಲಸದ ಮೇಲೆ. ನೆಲ ನೋಡುತ್ತಾ ನಿಂತೆ.

ಮರುವಾರ ಅವರನ್ನು ಮಷೀನಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಆ ಜಾಗಕ್ಕೆ ಬಂದವನಿಗೆ ಕಾಗದದ ಗಂಧಗಾಳಿಯೂ ಇರಲಿಲ್ಲ. ದಿನಾ ಸೊಟ್ಟ ಮಡಿಕೆ ನೋಡುತ್ತಾ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕೊನೆಗೆ ಬಸ್ ಸ್ಟಾಪಿನಲ್ಲಿ ಅಂಕಲ್‌ನ ಕ್ಷಮೆ ಕೇಳಿದೆ.

"ನನ್ನ ಮುಂದ ಯಾಕ ಹೇಳ್ತಿ ತಂಗಿ? ನನಗ ಗೊತ್ತೈತಿ. ಗೊತ್ತಿಲ್ಲದವ್ರು ಒಳಗ ಕುಂತಾರ, ಅಲ್ಲಿ ಹೇಳು."

ನಾಳೆ ಹೇಳುತ್ತೇನೆ ಅಂದೆ. ಹೇಳಲಿಲ್ಲ. ಎರಡು ತಿಂಗಳಿಗೆ ಅವರು ಕೆಲಸ ಬಿಟ್ಟರು.

ಕೆಲವು ವರ್ಷ ಕಳೆದು, ಇಲ್ಲೇ ಕಾಯಂ ನೆಲೆಸಲು ರೆಸಿಡೆನ್ಸಿ ಸಿಕ್ಕ ಮೇಲೆ ಮ್ಯಾನೇಜರ್‌ಗೆ ನಡೆದದ್ದೆಲ್ಲ ಬರೆದೆ. ಹಳೇ ವಿಷಯ, ತಲೆ ಕೆಡಿಸಿಕೊಳ್ಳಬೇಡ ಎಂದು ಒಂದು ಸಾಲಿನ ಉತ್ತರ ಬಂತು. ಇಷ್ಟು ವರ್ಷ ನಾನು ಹೆದರಿದ್ದು ಇವನಿಗಾ! ಬರೆದದ್ದನ್ನು ಅಂಕಲ್‌ಗೆ ತೋರಿಸಬೇಕೆಂದು ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ, ಆಂಟಿ. ಅಂಕಲ್ ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು...

ಆಂಟಿ ಈಗಲೂ ಹಬ್ಬಕ್ಕೆ ಊಟಕ್ಕೆ ಕರೆಯುತ್ತಾರೆ. "ಅವ್ರ ಕೂಡ ಕೆಲಸ ಮಾಡಿದವ್ರೊಳಗ ನಮ್ಮನಿಗೆ ಬಂದಾಕಿ ನೀ ಒಬ್ಬಾಕೇ" ಅನ್ನುತ್ತಾ ತಟ್ಟೆಗೆ ಬಡಿಸುತ್ತಾರೆ. ನಾನು ಊಟ ಮಾಡಿ ಎದ್ದು ಬರುತ್ತೇನೆ. ನಡೆದದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.