ಗಂಗತ್ತೆಯ ಚಿತ್ತಾರ ನಡೆದಾಡಿದ್ದು

ಯಾರಾದರೂ ಬೇಸರಪಟ್ಟುಕೊಳ್ಳುವ ಮೊದಲೇ ಅವರ ಪರವಾಗಿ ಬೇಸರಪಟ್ಟುಬಿಡುವ ಗುಣ ನನ್ನದು. ಸಾಗರದಲ್ಲಿ ಇಷ್ಟು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದ್ದರ ಫಲವಿರಬೇಕು. ಕಂಪ್ಯೂಟರಿನಲ್ಲಿ ಚಿತ್ರಗಳು ಕುಣಿಯುವುದನ್ನು ಕಂಡಾಗಲೆಲ್ಲ ಊರಿನ ಹಳೆಯ ಕಲಾವಿದರನ್ನು ನೆನೆದು ನಿಟ್ಟುಸಿರು ಬಿಡುತ್ತೇನೆ. ನಮಗಾಗಿ ನಿಟ್ಟುಸಿರು ಬಿಡು ಎಂದು ಅವರ್ಯಾರೂ ನನ್ನನ್ನು ಕೇಳಿಕೊಂಡಿಲ್ಲ.

ತುಮರಿಯ ಗಂಗತ್ತೆ ನನ್ನ ಸೋದರತ್ತೆ. ಸುತ್ತಿನ ಊರುಗಳಲ್ಲಿ ಮದುವೆಯೆಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಹಸೆ ಚಿತ್ತಾರ ಬರೆಯಲು ಅವಳೇ ಬರಬೇಕಿತ್ತು. ಈಗ ಕೈ ನಡುಗುತ್ತದೆ. ಮೊಮ್ಮಗಳು ಪವಿತ್ರಾಳ ಮದುವೆ ಗೊತ್ತಾದಾಗ, “ಗೆರೆ ಸೊಟ್ಟ ಆಗ್ತದೆ. ನೆಂಟ್ರ ಎದುರು ನಗೆಪಾಟ್ಲು ಬ್ಯಾಡ” ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಪವಿತ್ರಾ ಸಾಗರದಲ್ಲಿ ಕಂಪ್ಯೂಟರ್ ಆನಿಮೇಶನ್ ಮಾಡುವವಳು. ಅಜ್ಜಿಯನ್ನು ಪುಸಲಾಯಿಸಿ ಕಾಗದದ ಮೇಲೆ ಬರೆಸಿಕೊಂಡಳು. ಕಲ್ಯಾಣಮಂಟಪದ ಪರದೆಗೆಂದು ಆ ಚಿತ್ತಾರಕ್ಕೆ ಚಲನೆ ಕೊಟ್ಟು, ಒಂದು ಭಾನುವಾರ ಲ್ಯಾಪ್‌ಟಾಪ್ ತೆರೆದಳು. ನಾನು ಸಮಾಧಾನದ ನಾಲ್ಕು ಮಾತು ಜೋಡಿಸಿಕೊಂಡು ಅತ್ತೆಯ ಪಕ್ಕದಲ್ಲಿ ಕೂತೆ.

ಹಕ್ಕಿ ರೆಕ್ಕೆ ಬಡಿಯಿತು. ಪಲ್ಲಕ್ಕಿ ಹೊತ್ತವರು ಹೆಜ್ಜೆ ಹಾಕಿದರು. ಚಿತ್ತಾರದ ಮದುಮಕ್ಕಳು ಎದ್ದು ತಿರುಗಾಡಿದರು. ನಡುಗಿದ ಗೆರೆಗಳನ್ನೆಲ್ಲ ಕಂಪ್ಯೂಟರು ತಿದ್ದಿ ನೇರ ಮಾಡಿತ್ತು. ಅಯ್ಯೋ, ಅವಳ ಕೈಗುರುತೇ ಹೋಯಿತಲ್ಲ ಎಂದು ನಾನು ಅತ್ತೆಯ ಕಡೆ ತಿರುಗಿದೆ. ಗಂಗತ್ತೆ ಮೂಗು ತಾಗುವಷ್ಟು ಹತ್ತಿರಕ್ಕೆ ಬಾಗಿದಳು.

“ಪವೀ, ಇದು ನನ್ ಕೈಯೇ ಕಣೇ! ನಿಮ್ಮಮ್ಮನ ಮದ್ವೇಲಿ ಹಿಂಗೇ ಬರ್ದಿದ್ದೆ. ಇದ್ರೊಳಗೆ ಕೈ ಹುಷಾರಾಗ್ಬಿಟ್ಟಿದೆ ನೋಡು!”

ಅವಳ ಕಣ್ಣು ತುಂಬಿತ್ತು. ನನ್ನ ಸಮಾಧಾನದ ಮಾತುಗಳನ್ನು ನಾನು ಕಾಫಿಯ ಜೊತೆ ನುಂಗಿಕೊಂಡೆ. ಅತ್ತೆಯ ತಕರಾರು ಇದ್ದದ್ದು ಒಂದೇ.

“ಮದುಮಕ್ಳು ಯಾಕೆ ಎದ್ದು ತಿರುಗ್ತಾರೆ? ಧಾರೆ ಆಗೋವರೆಗೂ ಕೂತಿರ್ಬೇಕು. ಕೂರ್ಸು ಅವ್ರನ್ನ.”

ಪವಿತ್ರಾ ನಗುತ್ತ ಕೂರಿಸಿದಳು. ಮದುವೆಯ ದಿನ ನೆಂಟರು ಮಾತು ನಿಲ್ಲಿಸಿ ಪರದೆ ನೋಡಿದರು. “ನಾನು ಬರ್ದಿದ್ದು, ಅವ್ಳು ನಡ್ಸಿದ್ದು” ಎಂದು ಅತ್ತೆ ಸಾಲುಸಾಲಿಗೂ ಹೋಗಿ ಹೇಳಿ ಬಂದಳು.

ಕೆಲವು ದಿನ ಬಿಟ್ಟು ತುಮರಿಗೆ ಹೋದೆ. ಒಳಗೋಡೆಗೆ ಹೊಸದಾಗಿ ಕೆಮ್ಮಣ್ಣು ಬಳಿದಿದ್ದರು. ಅದರ ಮುಂದೆ ಗಂಗತ್ತೆ ನಾರಿನ ಕುಂಚ ಹಿಡಿದು ಕೂತಿದ್ದಳು. ಗೆರೆಗಳು ಗಾಳಿಗೆ ಸಿಕ್ಕ ನೀರಿನಂತೆ ಅಲುಗಾಡಿದ್ದವು. ನಾನು ಅವನ್ನೇ ನೋಡುತ್ತಿರುವುದು ಅವಳಿಗೆ ಗೊತ್ತಾಯಿತು.

“ಇಲ್ಲಿ ನಡುಗ್ಲಿ ಬಿಡೋ. ನೆಂಟ್ರಿಗೆ ಆ ಪರದೇದು ಇದೆ. ಇದನ್ನ ನೋಡೋರು ನಾವೇ ಅಲ್ವಾ?” ಎಂದು ಅವಳು ಕುಂಚವನ್ನು ಮತ್ತೆ ಹಿಟ್ಟಿನಲ್ಲಿ ಅದ್ದಿದಳು.