ಭಾನುವಾರದ ಮದ್ದು ಗುರುವಾರಕ್ಕೆ ಬಂದದ್ದು

ಗುರುವಾರ. ಅಂಬಾಜಿದುರ್ಗದ ಬೆಟ್ಟಕ್ಕೆ ಇನ್ನೂ ಬಿಸಿಲು ಬಿದ್ದಿಲ್ಲ. ವೆಂಕಟರತ್ನಮ್ಮ ಜಗಲಿಯ ಮೇಲೆ ಕೂತು ನೆಲನೆಲ್ಲಿ ಸೊಪ್ಪು ಅರೆಯುತ್ತಿದ್ದಾರೆ. ಅಂಗಳದಲ್ಲಿ ಆಗಲೇ ಇಪ್ಪತ್ತು ಮಂದಿ. ಎಲ್ಲರೂ ಕಾಮಾಲೆಗೆ ಮದ್ದು ಕುಡಿಯಲು ಬಂದವರು, ಎಲ್ಲರದೂ ಬರಿ ಹೊಟ್ಟೆ. ಅದು ಈ ಮದ್ದಿನ ಕಟ್ಟುನಿಟ್ಟು. ಅರೆಯುವ ಕೈ ನಿಲ್ಲುವುದಿಲ್ಲ. ಕಣ್ಣು ಸಾಲಿನ ಮೇಲಿದೆ.

ಐವತ್ತೆಂಟರ ಈ ಹೆಂಗಸು ವಾರದ ಉಳಿದ ದಿನ ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೀಳುವ ಕೂಲಿಗೆ ಹೋಗುತ್ತಾರೆ. ಮದ್ದು ಮಾವನಿಂದ ಬಂದದ್ದು. ಅದಕ್ಕೆ ಪ್ರತಿಯಾಗಿ ಎಲೆ ಅಡಿಕೆ ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ಗುರುವಾರಕ್ಕೆ ಮೂವತ್ತು ಲೋಟ ಕೊಡುತ್ತಾರೆ, ಜೊತೆಗೆ ರಕ್ತ ಪರೀಕ್ಷೆ ಮಾಡಿಸಿ ಎಂಬ ಮಾತನ್ನೂ. ಆರು ವರ್ಷಗಳಲ್ಲಿ ನಲವತ್ತೊಂದು ಜನರಿಗೆ ಮದ್ದು ಕೊಟ್ಟಿಲ್ಲ. ನಾನು ಬಂದದ್ದು ಆ ಕೊಡದ ಲೋಟಗಳ ಬಗ್ಗೆ ಕೇಳಲು.

ಆರು ವರ್ಷದ ಹಿಂದೆ ಅವರ ತಮ್ಮ ಬಯ್ಯಪ್ಪನ ಕಣ್ಣು ಹಳದಿಯಾಯಿತು. ಜ್ವರವಿಲ್ಲ, ನೋವಿಲ್ಲ, ಮೈಯೆಲ್ಲ ತುರಿಕೆ. ಅಕ್ಕನ ಮದ್ದಿರುವಾಗ ಆಸ್ಪತ್ರೆ ಯಾಕೆ ಎಂದು ಅವನೇ ನಕ್ಕನಂತೆ. ಮೂರು ಭಾನುವಾರ ಕುಡಿಸಿದರು. ನಾಲ್ಕನೆಯ ವಾರ ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಅಷ್ಟರಲ್ಲಿ ಅದು ಹರಡಿತ್ತು. ಬಯ್ಯಪ್ಪ ಐದು ತಿಂಗಳು ಬದುಕಿದ. ಮೊದಲೇ ಬಂದಿದ್ದರೆ ಉಳಿಯುತ್ತಿದ್ದನಾ ಎಂದು ಕೇಳಿದ್ದಕ್ಕೆ, ಹೇಳಲಾಗದು ಎಂದರಂತೆ ಡಾಕ್ಟರು. ಆ ಮಾತು ಇವರನ್ನು ಇನ್ನೂ ಬಿಟ್ಟಿಲ್ಲ.

“ಆ ಗ್ರಂಥಿ ಹೊಟ್ಟೆ ಹಿಂದ್ಗಡೆ, ಬೆನ್ನಿಗೆ ಅಂಟ್ಕೊಂಡಂಗೆ ಇರ್ತದೆ. ಪಿತ್ತ ಇಳಿಯೋ ನಾಳ ಅದರೊಳಗೇ ಹಾದು ಹೋಗ್ತದೆ. ಡ್ರಿಪ್ ಪೈಪ್ ಮೇಲೆ ಬಂಡೆ ಕೂತ್ರೆ ನೀರು ಹಿಂದೇನೇ ನಿಲ್ಲಲ್ವಾ? ಹಂಗೆ ಪಿತ್ತ ನಿಂತು ಮೈ ಹಳದಿಯಾಗ್ತದೆ. ನಾನು ಎಷ್ಟು ಸೊಪ್ಪು ಅರೆದ್ರೆ ಆ ಬಂಡೆ ಅಲ್ಲಾಡ್ತದೆ, ಹೇಳು.”

ತಮ್ಮ ಹೋದ ಮೇಲೆ ಮದ್ದಿನ ದಿನವನ್ನೇ ಬದಲಾಯಿಸಿದರು. ಭಾನುವಾರ ಚಿಂತಾಮಣಿ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವವರು ಸಿಗುವುದಿಲ್ಲ, ಗುರುವಾರ ಸಿಗುತ್ತಾರೆ. ಭಾನುವಾರದ ದೇವರನ್ನೇ ಗುರುವಾರಕ್ಕೆ ವರ್ಗಾ ಮಾಡಿಸಿದಳು ಎಂದು ಊರ ಹಿರಿಯರು ಹಂಗಿಸಿದರು. ಈಗಲೂ ಹಂಗಿಸುತ್ತಾರೆ.

ಇವತ್ತು ಸಾಲಿನಲ್ಲಿ ಶಿಡ್ಲಘಟ್ಟದ ಅಬ್ದುಲ್ ರಹೀಮ್ ಇದ್ದಾರೆ. ಅರವತ್ತಮೂರು ವರ್ಷ, ರೇಷ್ಮೆ ನೂಲು ತೆಗೆಯುವ ಕೆಲಸ. ಜೊತೆಗೆ ಸೊಸೆ ಆರ್ಜೂ. ರಹೀಮ್ ಅವರ ಕೈಗಡಿಯಾರ ಮೊಣಕೈವರೆಗೆ ಜಾರುವುದನ್ನು ವೆಂಕಟರತ್ನಮ್ಮ ದೂರದಿಂದಲೇ ನೋಡಿದ್ದಾರೆ. ಜ್ವರ ಬಂದಿತ್ತಾ, ಮೈ ಕೆರೆಯುತ್ತಾ, ಶುಗರ್ ಹೊಸದಾಗಿ ಬಂತಾ ಎಂದು ಒಂದೊಂದಾಗಿ ಕೇಳುತ್ತಾರೆ. ಮಲ ಸುಣ್ಣದ ಬಣ್ಣಕ್ಕಿದೆಯಾ ಎಂದು ಕೇಳುವುದು ಸೊಸೆ ಅತ್ತ ತಿರುಗಿದಾಗ, ದನಿ ತಗ್ಗಿಸಿ. ಜ್ವರವಿಲ್ಲ, ಉಳಿದದ್ದಕ್ಕೆಲ್ಲ ರಹೀಮ್ ಹೌದೆನ್ನುತ್ತಾರೆ. ಆಮೇಲೆ ಲೋಟವನ್ನು ಪಕ್ಕಕ್ಕಿಡುತ್ತಾರೆ.

“ನಿಮಗೆ ಕೊಡಲ್ಲ ಅಣ್ಣ.”

ರಹೀಮ್ ಅವರ ಮುಖ ಬಾಡುತ್ತದೆ. ಎರಡು ಬಸ್ ಹತ್ತಿ ಬಂದಿದ್ದೇವೆ ಎನ್ನುತ್ತಾರೆ. “ಒಂದು ಗುಟುಕು ಕೊಡಮ್ಮ. ಆಸ್ಪತ್ರೆಗೆ ಮುಂದಿನ ವಾರ ಹೋಗ್ತೀನಿ.”

“ಗುಟುಕು ಕೊಟ್ರೆ ವಾಸಿಯಾಗ್ತದೆ ಅಂತ ಕಾಯ್ತೀರ. ನನ್ನ ತಮ್ಮನೂ ಕಾದ. ಬರಿ ಹೊಟ್ಟೇಲಿ ಬಂದಿದೀರ, ಸ್ಕ್ಯಾನಿಂಗಿಗೂ ಅದೇ ಬೇಕಾಗಿರೋದು. ಚಿಂತಾಮಣಿಗೆ ಏಳೂಕಾಲಿಗೆ ಬಸ್ ಐತೆ. ದಾರೀಲಿ ಟೀ ಕುಡಿಸ್ಬೇಡ ಕಣಮ್ಮ ಆರ್ಜೂ, ಮಾವ ಎಷ್ಟು ಬೈದ್ರೂ.”

ಟೀ ಕೊಟ್ಟರೂ ಬೈಯುವವರೇ ಇವರು ಎನ್ನುತ್ತಾಳೆ ಆರ್ಜೂ. ರಹೀಮ್ ನಗುತ್ತಾರೆ. ಎಲ್ಲ ಹಳದಿಯೂ ಕ್ಯಾನ್ಸರ್ ಅಲ್ಲ, ಬೇರೆ ಏನಾದರೂ ಇರಬಹುದು ಎಂದು ಧೈರ್ಯ ಹೇಳುತ್ತಾ ವೆಂಕಟರತ್ನಮ್ಮ ರಸ್ತೆಯವರೆಗೂ ಜೊತೆಗೆ ನಡೆಯುತ್ತಾರೆ. ಬಸ್ ಹೊರಟ ಮೇಲೆಯೇ ತಿರುಗುತ್ತಾರೆ.

ಹೀಗೆ ಕಳಿಸಿದವರಲ್ಲಿ ಹೆಚ್ಚಿನವರಿಂದ ಸುದ್ದಿ ಬರುವುದಿಲ್ಲ. ಏನಾಯಿತು ಎಂದು ಯಾರಾದರೂ ಒಂದು ಮಾತು ಹೇಳಿಕಳಿಸಿದರೆ ಸಾಕು, ವೆಂಕಟರತ್ನಮ್ಮನವರಿಗಿರುವುದು ಅದೊಂದೇ ಆಸೆ.

ಮುಂದಿನ ಗುರುವಾರ ಹೋದರೆ ಅವರೇ ಬಾಗಿಲಲ್ಲಿ ನಿಂತಿದ್ದಾರೆ. ಹಿಂದಿನ ಸಂಜೆ ಆರ್ಜೂ ಫೋನ್ ಮಾಡಿದ್ದಳಂತೆ. ರಹೀಮ್ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ. ಅದೇ ಕಾಯಿಲೆ. ಆದರೆ ಗಡ್ಡೆ ಚಿಕ್ಕದು, ಹರಡಿದ್ದು ಕಂಡಿಲ್ಲ, ಆಪರೇಷನ್ ಮಾಡಬಹುದು ಎಂದಿದ್ದಾರೆ ಡಾಕ್ಟರು. ದೊಡ್ಡ ಆಪರೇಷನ್, ಭರವಸೆ ಯಾರೂ ಕೊಟ್ಟಿಲ್ಲ.

ಉಳಿಯುತ್ತಾರಾ ಎಂದು ಕೇಳುತ್ತೇನೆ. ತನಗೆ ಗೊತ್ತಿಲ್ಲ ಎನ್ನುತ್ತಾರೆ, ಅರೆಯುವ ಕಲ್ಲಿಗೆ ನೀರು ಸುರಿಯುತ್ತಾ.

“ತಮ್ಮನಿಗೆ ಮೂರು ಭಾನುವಾರ ಕೊಟ್ಟೆ. ಈ ಅಣ್ಣನಿಗೆ ಒಂದು ಗುರುವಾರಾನೂ ಕೊಡ್ಲಿಲ್ಲ.”